ಕ್ಯಾಶುವಾಲ್ಟಿಯಲ್ಲಿ ‘ನಾಟಕ’ ಎಂಬ ತೀರ್ಪು

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಪಾಳಿ ಮಾಡಿದವರೆಲ್ಲ ಇದನ್ನು ಕಂಡಿರುತ್ತಾರೆ. ಕೈಕಾಲು ಅದುರುತ್ತಾ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬಂದ ರೋಗಿಯ ಇ.ಸಿ.ಜಿ., ಶುಗರ್, ಬಿ.ಪಿ. ಎಲ್ಲವೂ ಸರಿಯಾಗಿವೆ ಎಂದು ತಿಳಿದ ಕೂಡಲೇ ಟ್ರಾಲಿಯ ಸುತ್ತ ನಿಂತವರ ಮುಖಭಾವ ಬದಲಾಗುತ್ತದೆ. ‘ನಾಟಕ’ ಎಂದು ಯಾರೋ ಗೊಣಗುತ್ತಾರೆ. ಎಚ್ಚರವಿದೆಯೇ ಎಂದು ನೋಡಲು ಹುಬ್ಬಿನ ಮೂಳೆಯನ್ನು ಹೆಬ್ಬೆರಳಿನಿಂದ ಬೇಕಾದ್ದಕ್ಕಿಂತ ಜೋರಾಗಿ ಒತ್ತಲಾಗುತ್ತದೆ. ಕೆಲವೆಡೆ ಅಮೋನಿಯಾ ಅದ್ದಿದ ಹತ್ತಿಯನ್ನು ಮೂಗಿಗೆ ಹಿಡಿಯುವುದೂ ಉಂಟು. ಆಟೋದಲ್ಲಿ ಬರುವಾಗ ರೋಗಿಯ ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕಿದ ನೆಂಟರಿಗಿಂತ ನಾವು ಆ ಗಳಿಗೆಯಲ್ಲಿ ಹೆಚ್ಚು ಓದಿದವರಂತೆ ನಡೆದುಕೊಳ್ಳುವುದಿಲ್ಲ.

ಬೇಕೆಂದೇ ನಟಿಸುವವರು ಇಲ್ಲವೆಂದಲ್ಲ. ಪೊಲೀಸರ ಜೊತೆ ಬಂದವರಲ್ಲಿ, ರಜೆಯ ಸರ್ಟಿಫಿಕೇಟ್ ಬೇಕಾದವರಲ್ಲಿ, ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ದಾಖಲೆ) ಮಾಡಿಸಲೆಂದೇ ನೋವನ್ನು ಹೆಚ್ಚಿಸಿ ಹೇಳುವವರಲ್ಲಿ ಅದು ಕಾಣುತ್ತದೆ. ಯಾವ ಲಾಭವೂ ಇಲ್ಲದೆ, ರೋಗಿಯಾಗಿರುವುದಕ್ಕಾಗಿಯೇ ಕಾಯಿಲೆಯನ್ನು ಸೃಷ್ಟಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರನ್ನು ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ 1951ರಲ್ಲಿ ವರ್ಣಿಸಿ, ಆ ಸ್ಥಿತಿಗೆ ಮಂಚೌಸೆನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಆದರೆ ನಾವು ದಿನನಿತ್ಯ ನೋಡುವವರಲ್ಲಿ ಹೆಚ್ಚಿನವರು ಈ ಎರಡೂ ಗುಂಪಿಗೆ ಸೇರಿದವರಲ್ಲ. ಅವರ ಅದುರುವಿಕೆಯಾಗಲಿ, ಕಾಲಿನ ಬಲಹೀನತೆಯಾಗಲಿ ಅವರ ಹಿಡಿತದಲ್ಲಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಮೆದುಳಿನ ಕೆಲಸದಲ್ಲಿ ಏರುಪೇರಾಗಿರುವ ಈ ಸ್ಥಿತಿಯನ್ನು ಈಗ ಫಂಕ್ಷನಲ್ ಕಾಯಿಲೆ ಎನ್ನುತ್ತಾರೆ.

ಇದನ್ನು ಗುರುತಿಸಲು ರೋಗಿಯ ಪ್ರಾಮಾಣಿಕತೆಯನ್ನು ಅಳೆಯಬೇಕಾಗಿಲ್ಲ. ಅದಕ್ಕೆ ಅದರದೇ ಲಕ್ಷಣಗಳಿವೆ. ಅಪಸ್ಮಾರದ ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ. ಇಲ್ಲಿ ಮುಚ್ಚಿರುತ್ತದೆ, ತಲೆ ಅತ್ತಿತ್ತ ಹೊರಳುತ್ತದೆ, ಅದುರುವಿಕೆ ಹೆಚ್ಚುತ್ತಾ ಕಡಿಮೆಯಾಗುತ್ತಾ ಬಹಳ ಹೊತ್ತು ನಡೆಯುತ್ತದೆ. ಇವುಗಳಲ್ಲಿ ಯಾವುದೊಂದನ್ನೇ ನಂಬುವಂತಿಲ್ಲ, ಎರಡೂ ಬಗೆಯ ಫಿಟ್ಸ್ ಇರುವ ರೋಗಿಗಳೂ ಇದ್ದಾರೆ; ಖಚಿತಪಡಿಸಿಕೊಳ್ಳಲು ರೋಗಿಯ ವಿಡಿಯೋ ಜೊತೆಗೆ ಮೆದುಳಿನ ವಿದ್ಯುತ್ ಚಟುವಟಿಕೆಯನ್ನೂ ದಾಖಲಿಸುವ ವಿಡಿಯೋ ಇ.ಇ.ಜಿ.ಯೇ ಬೇಕು. ಇತ್ತ ಗುರುತಿಸದೇ ಹೋದರೂ ಅಪಾಯವೇ: ಫಿಟ್ಸ್ ನಿಲ್ಲಿಸಲು ಕೊಡುವ, ನಿದ್ದೆಯನ್ನೂ ತರುವ ಲೊರಾಜೆಪಾಮ್ ಇಂಜೆಕ್ಷನ್ನನ್ನು ಮೇಲಿಂದ ಮೇಲೆ ಕೊಟ್ಟು, ಉಸಿರು ನಿಧಾನವಾದಾಗ ಗಂಟಲಿಗೆ ಟ್ಯೂಬ್ ಹಾಕಿ ಐ.ಸಿ.ಯು.ಗೆ ಕಳಿಸಿದ ಉದಾಹರಣೆಗಳಿವೆ.

ಕಾಲಿನ ವಿಷಯದಲ್ಲಿ ನನಗೆ ಅಚ್ಚುಮೆಚ್ಚಿನದು ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಪರೀಕ್ಷೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬರು ಎಡಗಾಲು ಬಿದ್ದುಹೋಗಿದೆ ಎಂದು ಬಂದಿದ್ದರು. ಎಡ ಹಿಮ್ಮಡಿಯ ಕೆಳಗೆ ನನ್ನ ಅಂಗೈ ಇಟ್ಟು ಕೆಳಕ್ಕೆ ಒತ್ತಲು ಹೇಳಿದೆ; ಬಲವೇ ಇರಲಿಲ್ಲ. ಬಲಗಾಲನ್ನು ನನ್ನ ಇನ್ನೊಂದು ಕೈಗೆ ಎದುರಾಗಿ ಮೇಲೆತ್ತಲು ಹೇಳಿದಾಗ ಅದೇ ಎಡ ಹಿಮ್ಮಡಿ ನನ್ನ ಅಂಗೈಯನ್ನು ಹಾಸಿಗೆಗೆ ಅದುಮಿತು. ಕೆಲವರು ಇದನ್ನು ಕಳ್ಳತನ ಹಿಡಿದಂತೆ ಬಳಸುತ್ತಾರೆ. ನಾನು ಅವರ ಗಂಡನನ್ನೂ ಹತ್ತಿರ ಕರೆದು, ‘ನೋಡಿಮ್ಮಾ, ಕಾಲಿಗೆ ಹೋಗುವ ನರಗಳು ಕೆಲಸ ಮಾಡುತ್ತಿವೆ. ನೀವು ಗಮನ ಕೊಟ್ಟು ಒತ್ತಲು ಹೋದಾಗ ಸಂದೇಶ ತಪ್ಪುತ್ತಿದೆ, ಗಮನ ಬೇರೆಡೆ ಇದ್ದಾಗ ಸರಿಯಾಗಿ ಬರುತ್ತಿದೆ. ಇದು ವಾಸಿಯಾಗುವಂಥದ್ದು’ ಎಂದು ಇಬ್ಬರಿಗೂ ತೋರಿಸಿದೆ. ‘ಹಾಗಾದ್ರೆ ನಾನು ಸುಳ್ಳು ಹೇಳ್ತಿಲ್ಲ ಅಲ್ವಾ ಡಾಕ್ಟ್ರೇ?’ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು.

ಏನಾದರೂ ಕಣ್ತಪ್ಪೀತು ಎಂಬ ಭಯ ಹಳೆಯದು. 1965ರಲ್ಲಿ ಬ್ರಿಟಿಷ್ ಮನೋವೈದ್ಯ ಎಲಿಯಟ್ ಸ್ಲೇಟರ್, ಹಿಸ್ಟೀರಿಯಾ (ಇಂಥ ಸ್ಥಿತಿಗೆ ಆಗಿದ್ದ ಹೆಸರು) ಎಂದು ಕಳಿಸಲಾದ ಅನೇಕರಲ್ಲಿ ಮುಂದೆ ದೈಹಿಕ ಕಾಯಿಲೆ ಕಾಣಿಸಿಕೊಂಡಿತೆಂದು ಎಚ್ಚರಿಸಿದ್ದರು. 2005ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಅಂಥ ತಪ್ಪು 1950ರ ದಶಕದಲ್ಲಿ ಶೇ. 29ರಷ್ಟಿದ್ದದ್ದು 1970ರಿಂದೀಚೆಗೆ ಶೇ. 4ಕ್ಕೆ ಇಳಿದಿದೆ.

ನನಗೆ ಸಿಟ್ಟು ತರಿಸುವುದು ಡಿಸ್ಚಾರ್ಜ್ ಕಾರ್ಡ್. ‘ಎಲ್ಲ ನಾರ್ಮಲ್’ ಎಂದಷ್ಟೇ ಬರೆದು ಕಳಿಸಿದರೆ ಆ ಕುಟುಂಬ ಮುಂದಿನ ವಾರ ಇನ್ನೊಂದು ಆಸ್ಪತ್ರೆಗೆ ಹೋಗಿ ಮತ್ತೊಂದು ಸಿ.ಟಿ.ಗೆ ದುಡ್ಡು ಕಟ್ಟುತ್ತದೆ. ಕಾರ್ಡಿನಲ್ಲಿ ಕಾಯಿಲೆಯ ಹೆಸರು ಇರಬೇಕು, ಕಂಡ ಲಕ್ಷಣಗಳು ಇರಬೇಕು, ನಿಮ್ಹಾನ್ಸ್‌ಗೋ ಹತ್ತಿರದ ನರರೋಗ ತಜ್ಞರಿಗೋ ಬರೆದ ರೆಫರಲ್ ಇರಬೇಕು; ಜೊತೆಗೆ, ಮತ್ತೆ ಹೀಗಾದರೆ ಮೊದಲು ಶುಗರ್ ಮತ್ತು ಆಮ್ಲಜನಕದ ಮಟ್ಟ ನೋಡಿ, ಅವು ಸರಿಯಿದ್ದು ಲಕ್ಷಣಗಳೂ ಇವೇ ಆಗಿದ್ದರೆ ನಿದ್ದೆಯ ಇಂಜೆಕ್ಷನ್ ಕೊಡಲು ಅವಸರಿಸಬೇಡಿ ಎಂದು ಮುಂದಿನ ಡ್ಯೂಟಿ ಡಾಕ್ಟರಿಗೆ ಒಂದು ಸಾಲು.