ಫಿಲ್ಟರ್ ಕಾಲಂ ಪ್ರಾಜೆಕ್ಟ್: ಮರಳಿನ ಮೇಲೆ ಆಂಥ್ರಾಸೈಟ್ ಹಾಕಿದ ಮೇಲೆ

ಹೋದ ಸಲ ಬರೆದಾಗ ನನ್ನ ಫಿಲ್ಟರ್ ಕಾಲಂನಲ್ಲಿ, ಅಂದರೆ ನೀರು ಸೋಸುವ ಫಿಲ್ಟರ್‌ನ ಸಣ್ಣ ಮಾದರಿಯಲ್ಲಿ, ಬರೀ ಮರಳಿತ್ತು. 100 ಮಿ.ಮೀ. ಅಕ್ರಿಲಿಕ್ ಪೈಪ್, ಒಳಗೆ 75 ಸೆಂ.ಮೀ. ಮರಳು, ಕಣದ ಗಾತ್ರ 0.5 ಮಿ.ಮೀ. ಆಸುಪಾಸು. ಪೈಪಿನ ಪಕ್ಕದಲ್ಲಿ ಬೇರೆ ಬೇರೆ ಎತ್ತರಕ್ಕೆ ಸಣ್ಣ ಟ್ಯೂಬ್‌ಗಳನ್ನು ಕೂರಿಸಿದ್ದೇನೆ. ಅವುಗಳಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅಂತ ನೋಡಿದರೆ, ಬೆಡ್ (ನೀರು ಸೋಸುವ ಪದರ) ಎಲ್ಲಿ ಕಟ್ಟಿಕೊಳ್ಳುತ್ತಿದೆ ಅನ್ನೋದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ ಹಳೆಯದೇ. ನೀರು ಶುದ್ಧೀಕರಣ ಘಟಕದಲ್ಲಿ ಹೊಸ ತೊಟ್ಟಿ ಕಟ್ಟದೆ, ಇರುವ ಫಿಲ್ಟರ್‌ಗಳಿಂದಲೇ ಜಾಸ್ತಿ ನೀರು ತೆಗೆಯಬಹುದಾ? ವೇಗ ಹೆಚ್ಚಿಸಿ ಅನ್ನೋದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಆದರೆ ಲೆಕ್ಕ ಹಾಕಿ ನೋಡಿ. ಗಂಟೆಗೆ 10 ಮೀಟರ್ ವೇಗದಲ್ಲಿ 24 ಗಂಟೆ ಓಡಿದರೆ ಪ್ರತಿ ಚದರ ಮೀಟರ್ ಬೆಡ್‌ಗೆ 240 ಘನ ಮೀಟರ್ ನೀರು. ಬ್ಯಾಕ್‌ವಾಷ್‌ಗೆ (ನೀರನ್ನು ಉಲ್ಟಾ ಹರಿಸಿ ಬೆಡ್ ತೊಳೆಯೋದಕ್ಕೆ) 8 ಘನ ಮೀಟರ್ ಖರ್ಚಾದರೆ ನಷ್ಟ ಶೇ 3.3. ಅದೇ ಫಿಲ್ಟರನ್ನು 15 ಮೀಟರ್ ವೇಗದಲ್ಲಿ ಓಡಿಸಿ, 8 ಗಂಟೆಗೇ ಕಟ್ಟಿಕೊಂಡರೆ ಸಿಗೋದು 120 ಘನ ಮೀಟರ್, ನಷ್ಟ ಶೇ 6.7. ಜೊತೆಗೆ ತೊಳೆಯಲು ನಿಲ್ಲಿಸುವ ಸಮಯ ಬೇರೆ. ಹಾಗಾಗಿ ನಾನು ವೇಗಕ್ಕಿಂತ ಒಂದು ರನ್‌ನಲ್ಲಿ (ಒಮ್ಮೆ ತೊಳೆದ ಮೇಲೆ ಮತ್ತೆ ತೊಳೆಯುವವರೆಗೆ) ಒಟ್ಟು ಎಷ್ಟು ನೀರು ಹೋಯಿತು ಅನ್ನೋದನ್ನೇ ಅಳೆಯುತ್ತಿದ್ದೇನೆ.

ಬರೀ ಮರಳಿದ್ದಾಗ ಒತ್ತಡ ಕಳೆದುಹೋಗುತ್ತಿದ್ದದ್ದು ಹೆಚ್ಚೂಕಮ್ಮಿ ಎಲ್ಲಾ ಮೇಲಿನ 10 ಸೆಂ.ಮೀ.ನಲ್ಲೇ. ಕೆಳಗಿನ ಮರಳು ಸುಮ್ನೆ ಕೂತಿತ್ತು. ಕಾರಣ ಬ್ಯಾಕ್‌ವಾಷ್‌ನಲ್ಲೇ ಇದೆ. ಕೆಳಗಿನಿಂದ ನೀರು ನುಗ್ಗಿಸಿದಾಗ ಬೆಡ್ ಉಬ್ಬುತ್ತದೆ, ನಿಲ್ಲಿಸಿದಾಗ ದಪ್ಪ ಕಣ ಮೊದಲು ತಳ ಸೇರುತ್ತದೆ, ಸಣ್ಣದು ಕೊನೆಗೆ ಮೇಲೆ ಕೂರುತ್ತದೆ. ಬಗ್ಗಡ ನೀರು ಮೊದಲು ಎದುರಿಸುವುದು ಆ ಅತಿ ಸಣ್ಣ ಪದರವನ್ನೇ. ಫ್ಲಾಕ್ (ನೀರಿಗೆ ಆಲಂ ಎಂಬ ರಾಸಾಯನಿಕ ಹಾಕಿದಾಗ ಕೊಳೆ ಕಣಗಳು ಅಂಟಿಕೊಂಡು ಆಗುವ ಸಣ್ಣ ಮುದ್ದೆಗಳು) ಅಲ್ಲೇ ಚಾಪೆಯಂತೆ ಹಾಸಿಕೊಂಡುಬಿಡುತ್ತದೆ.

ಈಗ ಬೆಡ್ ಬದಲಾಗಿದೆ: ಕೆಳಗೆ 20 ಸೆಂ.ಮೀ. ಮರಳು, ಮೇಲೆ 1 ಮಿ.ಮೀ. ಗಾತ್ರದ ಆಂಥ್ರಾಸೈಟ್ (ಒಂದು ಬಗೆಯ ಗಟ್ಟಿ ಕಲ್ಲಿದ್ದಲು) 60 ಸೆಂ.ಮೀ. ಆಂಥ್ರಾಸೈಟ್ ಕಣ ದಪ್ಪ, ಆದರೆ ಹಗುರ. ಮರಳಿನ ಸಾಂದ್ರತೆ 2.65 ಇದ್ದರೆ ಇದರದ್ದು 1.4ರಿಂದ 1.7. ಅದಕ್ಕೇ ತೊಳೆದ ಮೇಲೂ ಮೇಲೇ ಉಳಿಯುತ್ತದೆ. ಬೆಡ್‌ನ ಆಳವನ್ನು ಕಣದ ಗಾತ್ರದಿಂದ ಭಾಗಿಸಿದರೆ ಕನಿಷ್ಠ 1000 ಬರಬೇಕು ಅನ್ನೋದು ವಿನ್ಯಾಸಕಾರರು ಬಳಸುವ ಲೆಕ್ಕ. ಇಲ್ಲಿ 600 ಮತ್ತು 400 ಸೇರಿ ಸರಿಯಾಗಿ 1000. ನನಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಸಮಾಧಾನ, ಆದರೆ ಪೈಪಿನ ಎತ್ತರ ಬಿಡುತ್ತಿಲ್ಲ.

ಮೊದಲ ರನ್‌ನಲ್ಲೇ ಟ್ಯೂಬ್‌ಗಳ ಚಿತ್ರ ಬದಲಾಯಿತು. ನೀರಿನ ಮಟ್ಟ ಮೇಲಿನ ಟ್ಯೂಬಿನಿಂದ ಕೆಳಗಿನದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು, ಒಂದೇ ಕಡೆ ಧುಮುಕಲಿಲ್ಲ. ಪೈಪಿನ ಗೋಡೆಗೆ ಮುಖ ಹತ್ತಿರ ಇಟ್ಟು ನೋಡಿದರೆ ಕಪ್ಪು ಕಣಗಳ ಸಂದಿಯಲ್ಲಿ ಕಂದು ಫ್ಲಾಕ್ ಒಂದು ಗೇಣು ಆಳದವರೆಗೂ ಸಿಕ್ಕಿಕೊಂಡಿತ್ತು. ಅದೇ ನೀರು, ಅದೇ ವೇಗ, ರನ್ ಮಾತ್ರ ಹತ್ತಿರ ಹತ್ತಿರ ಎರಡರಷ್ಟು. ತುಂಬಾ ಖುಷಿಯಾಯಿತು.

ಇನ್ನೊಂದು ಕೆಲಸ ಬ್ಯಾಕ್‌ವಾಷ್ ಮುಗಿಸುವ ರೀತಿಯದ್ದು. ತೊಳೆದು ಮತ್ತೆ ಶುರು ಮಾಡಿದ ತಕ್ಷಣ ಸ್ವಲ್ಪ ಹೊತ್ತು ಟರ್ಬಿಡಿಟಿ (ನೀರಿನ ಬಗ್ಗಡತನ) ಏರುತ್ತದೆ. ತೊಳೆದ ಕೊಳೆ ನೀರು ಬೆಡ್‌ನೊಳಗೂ ಅದರ ಮೇಲೂ ಉಳಿದಿರುವುದು ಇದಕ್ಕೆ ಒಂದು ಕಾರಣ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಫಿಲ್ಟರ್ ದಾಟಿ ನಲ್ಲಿಗೆ ಬಂದು ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಅದಕ್ಕೆ ಮಾಮೂಲಿ ಕ್ಲೋರಿನ್ ಹೆಚ್ಚೇನೂ ಮಾಡಲಾರದು, ಫಿಲ್ಟರೇ ತಡೆಯಬೇಕು.

ಹಾಗಾಗಿ ಬ್ಯಾಕ್‌ವಾಷ್‌ನ ಕೊನೆಯಲ್ಲಿ ಹರಿವನ್ನು ಒಮ್ಮೆಲೇ ನಿಲ್ಲಿಸದೆ, ಬೆಡ್ ಉಬ್ಬದಷ್ಟು ನಿಧಾನಕ್ಕೆ ಇಳಿಸಿ, ಒಳಗಿನ ನೀರೆಲ್ಲಾ ಒಂದು ಸಲ ಬದಲಾಗುವವರೆಗೂ ಬಿಡುತ್ತಿದ್ದೇನೆ. ಇದಕ್ಕೆ ಸ್ವಲ್ಪ ನೀರು ಜಾಸ್ತಿ ಬೇಕು, ನಿಜ. ಆದರೆ ಆರಂಭದ ಏರಿಕೆ ಸ್ಪಷ್ಟವಾಗಿ ತಗ್ಗಿದೆ, 0.1 ಎನ್‌ಟಿಯು (ಟರ್ಬಿಡಿಟಿಯ ಅಳತೆ) ಕೆಳಗೆ ಬೇಗ ಇಳಿಯುತ್ತಿದೆ. ಚೆಲ್ಲಬೇಕಾದ ಮೊದಲ ನೀರೂ ಕಮ್ಮಿಯಾಗಿದೆ.

ಬ್ಯಾಕ್‌ವಾಷ್ ಪಂಪನ್ನು ಒಂದೇ ಗುರುತಿಗೆ ಇಟ್ಟು ಬಿಡುವಂತಿಲ್ಲ. ನೀರು ಬಿಸಿಯಾದಷ್ಟೂ ತೆಳುವಾಗುತ್ತದೆ, ಅದೇ ಹರಿವಿಗೆ ಬೆಡ್ ಕಡಿಮೆ ಉಬ್ಬುತ್ತದೆ. ನಾನು ಹರಿವಿನ ಬದಲು ಉಬ್ಬನ್ನೇ ನೋಡುತ್ತೇನೆ, ಶೇ 25ರ ಹತ್ತಿರ.

ಮುಂದಿನ ಹಂತ ಆಲಂ ಪ್ರಮಾಣ. ಜಾರ್ ಟೆಸ್ಟ್‌ನಲ್ಲಿ (ಜಾರ್‌ಗಳಲ್ಲಿನ ನೀರಿಗೆ ಬೇರೆ ಬೇರೆ ಪ್ರಮಾಣದ ಆಲಂ ಹಾಕಿ ನೋಡುವ ಪರೀಕ್ಷೆ) ಚೆನ್ನಾಗಿ ತಳ ಸೇರುವ ದಪ್ಪ ಫ್ಲಾಕೇ ಫಿಲ್ಟರ್‌ಗೂ ಒಳ್ಳೆಯದು ಅಂತೇನಿಲ್ಲ, ಅಲ್ವಾ? ಅದಕ್ಕೇ ಜಾರ್‌ನ ನೀರನ್ನು ಫಿಲ್ಟರ್ ಪೇಪರ್‌ನಲ್ಲಿ ಸೋಸಿ ಟರ್ಬಿಡಿಟಿ ನೋಡಿ, ಆ ಪ್ರಮಾಣವನ್ನು ಕಾಲಂಗೆ ಕೊಡುತ್ತೇನೆ. ಆ ಪ್ರಮಾಣ ಗಟ್ಟಿಯಾದ ಮೇಲಷ್ಟೇ ವೇಗವನ್ನು ಗಂಟೆಗೆ 10 ಮೀಟರ್‌ನಿಂದ 12ಕ್ಕೆ ಏರಿಸೋದು.