ಮಾರಿಕಣಿವೆ ಕೋಡಿ ಬಿತ್ತು, ನಮ್ಮ ಪಿಚ್ಚು ಹೋಯ್ತು

ನಮ್ಮದು ಹಿರಿಯೂರು ತಾಲ್ಲೂಕು, ವೇದಾವತಿ ದಂಡೆಯ ಊರು. ಹೊಳೆ ಅಂದ್ರೆ ನೀರು ಅಲ್ವಾ? ನಮಗೆ ಹೊಳೆ ಅಂದ್ರೆ ಮರಳು. ಮೇಲೆ ಮಾರಿಕಣಿವೆ ಇದೆ. ವಾಣಿವಿಲಾಸ ಸಾಗರ ಅಂತ ಹೆಸರಿದ್ದರೂ ನಮ್ಮ ಕಡೆ ಹಾಗೆ ಯಾರೂ ಜಾಸ್ತಿ ಅನ್ನಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಆ ಡ್ಯಾಂ 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು ಬಿಟ್ಟರೆ, ನಾವು ದೊಡ್ಡವರಾಗುವವರೆಗೂ ಮತ್ತೆ ಬಿದ್ದಿರಲಿಲ್ಲ.

ಅಜ್ಜ ಚಿಕ್ಕವನಿದ್ದಾಗ ಅದನ್ನು ನೋಡಿದ್ದನಂತೆ. "ಕೋಡಿ ಬಿದ್ರೆ ಹೊಳೆ ದಾಟಾಕಾಗಲ್ಲ ಕಣ್ಲಾ, ಎಮ್ಮೆಗಳೇ ಕೊಚ್ಕೊಂಡು ಹೋಗ್ತವೆ" ಅನ್ನುತ್ತಿದ್ದ. ನಾವು ನಗುತ್ತಿದ್ದೆವು. ಹೊಳೆ ಮಧ್ಯೆಯೇ ನಮ್ಮ ಕ್ರಿಕೆಟ್ ಪಿಚ್ಚು, ದಂಡೆಯ ಹೊಂಗೆ ಮರಕ್ಕೆ ಬಾಲ್ ಬಿದ್ದರೆ ಫೋರು.

ಪಿಚ್ಚಿನಿಂದ ಸ್ವಲ್ಪ ಕೆಳಗೆ ಒರತೆ. ಮೊಣಕೈಯಷ್ಟು ಆಳ ಮರಳು ತೋಡಿ, ಮೊದಲು ಬಂದ ರಾಡಿ ನೀರು ಚೆಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತರೆ ತಿಳಿನೀರು ಬರೋದು. ಅವ್ವ ತೆಂಗಿನ ಚಿಪ್ಪಲ್ಲಿ ಮೊಗೆದು ಮೊಗೆದು ಕೊಡ ತುಂಬುವಳು. ಊರಿನ ಅರ್ಧ ಜಗಳ, ಅರ್ಧ ಮದುವೆ ಮಾತುಕತೆ ಅಲ್ಲೇ ನಡೀತಿತ್ತು.

ಆಮೇಲೆ ರಾತ್ರಿ ಲಾರಿಗಳು ಬರೋಕೆ ಶುರುವಾದವು. ಕೆಲವೇ ವರ್ಷದಲ್ಲಿ ಮರಳು ಹೋಗಿ ಬಂಡೆ ಕಂಡಿತು, ಒರತೆ ನಿಂತಿತು, ಉಳಿದ ಜಾಗಕ್ಕೆ ಬಳ್ಳಾರಿ ಜಾಲಿ ಬಂತು. 2017ರ ಹೊತ್ತಿಗೆ ಡ್ಯಾಂ ಕೂಡ ಬರಿದಾಗುತ್ತಾ ಬಂತು. ನಮ್ಮ ತೋಟದಲ್ಲಿ ತೆಂಗು ನಿಂತಲ್ಲೇ ಒಣಗಿದವು. ಆ ವರ್ಷ ಅಪ್ಪ ಊಟಕ್ಕೆ ಕೂತಾಗ ಮಾತೇ ಆಡುತ್ತಿರಲಿಲ್ಲ.

ಆಮೇಲೆ ಡ್ಯಾಂಗೆ ಭದ್ರಾ ಹೊಳೆಯ ನೀರು ಬಂತು, ಮಳೆಯೂ ಚೆನ್ನಾಗಿ ಹಿಡಿಯಿತು, 2022ರ ಸೆಪ್ಟೆಂಬರ್ 2ಕ್ಕೆ, ಅಂದರೆ 89 ವರ್ಷದ ಮೇಲೆ, 130 ಅಡಿ ದಾಟಿ ಕೋಡಿ ಬಿತ್ತು! ನೋಡೋಕೆ ಜಾತ್ರೆಯಂತೆ ಜನ. ನಮ್ಮೂರ ಹೊಳೆಯಲ್ಲಿ ಪಿಚ್ಚು ಇದ್ದ ಕಡೆ ಕೆಂಪು ನೀರು ಸುತ್ತಿ ಸುತ್ತಿ ಹರಿಯುತ್ತಿತ್ತು. ಅಜ್ಜ ಅಷ್ಟೊತ್ತಿಗೆ ಹೋಗಿಬಿಟ್ಟಿದ್ದ. ಎಮ್ಮೆ ಮಾತಿಗೆ ನಕ್ಕಿದ್ದವರೆಲ್ಲ ದಂಡೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆವು.

ನೀರು ಇಳಿದ ಮೇಲೆ ಅವ್ವ ಒಬ್ಬಳೇ ಹೊಳೆಗೆ ಇಳಿದು ಒರತೆಯ ಜಾಗ ಹುಡುಕಿದಳು. ಜಾಗ ಸಿಕ್ಕಿತು. ಕೈ ಹಾಕಿದರೆ ಬರೀ ಕಲ್ಲು. ತಂದಿದ್ದ ಚಿಪ್ಪನ್ನು ಅಲ್ಲೇ ಎಸೆದು ಬಂದಳು.