ಕಲ್ಲುಸಕ್ಕರೆ ಹಾಕಿದ ಮೇಲೆ ಯೀಸ್ಟ್ ಬದುಕಿತು

ಕೊನೆಗೂ ಆಯ್ತು! ಕೋಶಕ್ಕೆ ಕ್ಷಣಮಾತ್ರ ಕರೆಂಟಿನ ಏಟು ಕೊಟ್ಟು, ಪೊರೆಯಲ್ಲಿ ತೂತು ಮಾಡಿ, ಕೋಶ ಸಾಯದ ಹಾಗೆ ಬಣ್ಣವನ್ನು ಒಳಗೆ ಕಳಿಸುವುದು ನನ್ನ ಪ್ರಯೋಗ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೈಕ್ರೋಸ್ಕೋಪಿನಲ್ಲಿ ಒಂದು ತಿಳಿನೀಲಿ ಯೀಸ್ಟ್ ಕೋಶ ಕಂಡಿತು. ಅದಕ್ಕೆ ಅಂಟಿಕೊಂಡೇ ಬಣ್ಣವಿಲ್ಲದ ಪುಟ್ಟ ಮೊಗ್ಗು. ಟ್ರೈಪಾನ್ ಬ್ಲೂ ಅನ್ನುವ ಬಣ್ಣ ಗಟ್ಟಿ ಪೊರೆಯನ್ನು ದಾಟುವುದಿಲ್ಲ, ಅದು ಒಳಗೆ ಹೋಗಿದೆ ಅಂದರೆ ಪೊರೆಯಲ್ಲಿ ತೂತು ಬಿದ್ದಿತ್ತು. ಮೊಗ್ಗು ಬಂದಿದೆ ಅಂದರೆ ತೂತು ಮುಚ್ಚಿಕೊಂಡು ಕೋಶ ಬದುಕಿದೆ. ಏಳು ವಾರದಿಂದ ಇದಕ್ಕೇ ಕಾಯುತ್ತಿದ್ದೆ.

ಸರ್ಕ್ಯೂಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹಳೇ ಕ್ಯಾಮೆರಾ ಫ್ಲ್ಯಾಶಿನ ನಾಲ್ಕು ಕೆಪಾಸಿಟರ್, ಒಟ್ಟು 480 ಮೈಕ್ರೋಫ್ಯಾರಡ್, 300 ವೋಲ್ಟ್, 5 ಮಿಲಿಸೆಕೆಂಡಿಗೆ ಕರೆಂಟ್ ಕಟ್ ಮಾಡುವ ಐಜಿಬಿಟಿ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್. ಎರಡು ಸ್ಟೀಲ್ ಪಟ್ಟಿ, ನಡುವೆ 1 ಮಿಲಿಮೀಟರ್ ಸಂದು, ಯೀಸ್ಟ್ ಇರುವುದು ಅಲ್ಲೇ. ಉಳಿದ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಮಾತ್ರ ಬಿಡಬೇಡಿ, ಆಫ್ ಮಾಡಿದ ಮೇಲೂ ಈ ಕೆಪಾಸಿಟರ್‌ಗಳು ಜೀವ ತೆಗೆಯಬಹುದು.

ತಲೆ ಕೆಡಿಸಿದ್ದು ಬೇರೆ. 300 ವೋಲ್ಟ್ ಕೊಟ್ಟರೆ ಎಲ್ಲಾ ಕೋಶವೂ ಕಡುನೀಲಿ, ತಟ್ಟೆಯಲ್ಲಿ ಒಂದೂ ಬೆಳೆಯುತ್ತಿರಲಿಲ್ಲ. 200ಕ್ಕೆ ಇಳಿಸಿದರೆ ಬಣ್ಣವೇ ಒಳಗೆ ಹೋಗುತ್ತಿರಲಿಲ್ಲ. ನಡುವೆ ಎಲ್ಲೋ ಸರಿಯಾದ ಜಾಗ ಇರಬೇಕು ಅಂತ ಹತ್ತತ್ತು ವೋಲ್ಟ್ ಏರಿಸುತ್ತಾ ಇಳಿಸುತ್ತಾ ಎರಡು ವಾರ ಕಳೆದೆ. ಒಂದಿನ ಮುಚ್ಚಳ ತೆಗೆದಾಗ ಒಳಗಡೆ ಸಣ್ಣಗೆ ಹಬೆ ಕಟ್ಟಿತ್ತು. ಆಗ ಹೊಳೆಯಿತು, ನಾನು ತೂತು ಮಾಡುತ್ತಿಲ್ಲ, ಬೇಯಿಸುತ್ತಿದ್ದೇನೆ!

ಕುಡಿಯುವ ನೀರಿನಲ್ಲಿ ಕರಗಿದ ಉಪ್ಪು ನೋಡಲು ಇಟ್ಟಿದ್ದ ಟಿಡಿಎಸ್ ಮೀಟರನ್ನು, ಯೀಸ್ಟ್ ಬೆರೆಸುತ್ತಿದ್ದ ಸಾರ್ಬಿಟಾಲ್ ದ್ರಾವಣದಲ್ಲಿ ಅದ್ದಿದೆ. 2,300! ಸಾರ್ಬಿಟಾಲ್ ಸಕ್ಕರೆಯ ಜಾತಿ, ಕರೆಂಟ್ ಹರಿಸುವುದೇ ಇಲ್ಲ. ಅಂದರೆ ಪುಡಿಯಲ್ಲೇ ಉಪ್ಪು ಬೆರೆತಿದೆ. ಲೆಕ್ಕ ಹಾಕಿದರೆ ನನ್ನ ಸಂದಿನಲ್ಲಿ ಕರೆಂಟಿಗೆ ತಡೆ 22 ಓಮ್ ಅಷ್ಟೇ, 100 ಮೈಕ್ರೋಲೀಟರಿಗೆ ಒಂದೇ ಏಟಿಗೆ 30 ಡಿಗ್ರಿ ಬಿಸಿ. ಲ್ಯಾಬ್ ಗ್ರೇಡ್ ಅಂತ ಚೀಟಿ ಅಂಟಿಸಿ ಮಾರಿದವರಿಗೆ ಫೋನ್ ಮಾಡಿದರೆ "ಎಲ್ಲರೂ ಇದನ್ನೇ ತಗೊಳ್ತಾರೆ ಸರ್" ಅಂದರು. ದುಡ್ಡು ಹೋಗಲಿ, ಎರಡು ವಾರ ಯಾರು ಕೊಡುತ್ತಾರೆ?

ಮಂಡಿಪೇಟೆಗೆ ಹೋಗಿ ಕಾಲು ಕೆಜಿ ಕಲ್ಲುಸಕ್ಕರೆ ತಂದೆ. ಹರಳುಗಟ್ಟುವಾಗ ಉಪ್ಪು, ಕಲ್ಮಶ ಹೊರಗೇ ಉಳಿಯುತ್ತದೆ ಅಲ್ವಾ, ಅದಕ್ಕೆ. ಕುಕ್ಕರಿನ ಹಬೆ ತಣಿಸಿ ಹಿಡಿದ ನೀರಲ್ಲಿ 100 ಮಿಲಿಗೆ 34 ಗ್ರಾಂ ಬರುವ ಹಾಗೆ ಕರಗಿಸಿದೆ. ಮೀಟರ್ 20ರ ಆಸುಪಾಸು. ಯೀಸ್ಟನ್ನು ಇದರಲ್ಲೇ ಮೂರು ಸಲ ತೊಳೆದು, ಅದೇ 300 ವೋಲ್ಟ್ ಕೊಟ್ಟೆ. ಬಣ್ಣವನ್ನೂ ಪುಡಿಯಲ್ಲೇ ತಗೊಳ್ಳಿ, ರೆಡಿ ಬಾಟಲಿಯಲ್ಲಿ ಸಾಮಾನ್ಯವಾಗಿ ಉಪ್ಪುನೀರು ಇರುತ್ತದೆ.

ಜೀನ್ ಏನೂ ಹಾಕಿಲ್ಲ, ಹಾಕಬೇಕಾದರೆ ಜೀನ್ ಬದಲಿಸಿದ ಜೀವಿಗಳ ಬಗೆಗಿನ 1989ರ ನಿಯಮದಂತೆ ಅನುಮತಿ ಬೇಕು. ಬರೀ ಬಣ್ಣ. ಆದರೂ ಇದರ ಹಿಂದೆ ಬಿದ್ದಿರುವುದು ನನ್ನ ತಂಗಿಯ ಮಗಳಿಗಾಗಿ. ಅವಳಿಗೆ ಥಲಸ್ಸೇಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ, ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. 2023ರ ನವೆಂಬರಿನಲ್ಲಿ ಬ್ರಿಟನ್ ಈ ಕಾಯಿಲೆಗೂ ಒಪ್ಪಿದ ಕ್ಯಾಸ್ಜೆವಿ ಅನ್ನುವ ಜೀನ್ ಚಿಕಿತ್ಸೆಯಲ್ಲಿ, ಕೋಶದೊಳಗೆ ಸಾಗಿಸಲು ವೈರಸ್ಸೇ ಬಳಸುವುದಿಲ್ಲ. ರೋಗಿಯ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಹೀಗೇ ಕರೆಂಟಿನ ಏಟು ಕೊಟ್ಟು, ಡಿಎನ್ಎ ಕತ್ತರಿಸುವ ಕ್ಯಾಸ್9 ಪ್ರೋಟೀನನ್ನು, ಕತ್ತರಿಸುವ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಜೊತೆ ಒಳಗೆ ಕಳಿಸುತ್ತಾರೆ. ಅದು ಬಿಸಿಎಲ್11ಎ ಜೀನಿನ ಒಂದು ಸ್ವಿಚ್ಚನ್ನು ಕತ್ತರಿಸುತ್ತದೆ, ಆಗ ಆ ಜೀನ್ ತಡೆದಿಟ್ಟಿದ್ದ, ತಾಯಿಯ ಹೊಟ್ಟೆಯಲ್ಲಿದ್ದಾಗ ಇದ್ದ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. ಬರೀ ಡಿಎನ್ಎ ತುರುಕಿದರೆ ಆ ಕೋಶಗಳು ತಡೆಯುವುದಿಲ್ಲ, ಅದನ್ನು ವೈರಸ್ ಅಂತಲೇ ತಿಳಿದು ಎಷ್ಟೋ ಸಾಯುತ್ತವೆ. ಯೀಸ್ಟಿಗಿಂತ ದೊಡ್ಡವು, ಹಾಗಾಗಿ ವೋಲ್ಟೂ ಕಡಿಮೆ ಸಾಕು. ಆದರೆ ಅಷ್ಟೇ ನಾಜೂಕು.

ಮುಂದಿನದು ಈಗಲೇ ತಲೆಯಲ್ಲಿ ಕೂತಿದೆ. ಕರೆಂಟೇ ಇಲ್ಲದೆ, ಕೋಶಕ್ಕಿಂತ ಸಪೂರ ದಾರಿಯಲ್ಲಿ ನುಗ್ಗಿಸಿ ತೂತು ಮಾಡುವುದನ್ನು ಎಂಐಟಿಯವರು 2013ರಲ್ಲಿ ತೋರಿಸಿದ್ದರು. ಅಷ್ಟು ಸಣ್ಣ ದಾರಿಯ ಅಚ್ಚನ್ನು ಇಲ್ಲಿ ಮಾಡಿದವರಿದ್ದರೆ ಹೇಳಿ.

ನಿನ್ನೆಯ ತಟ್ಟೆಗಳು ಥರ್ಮೋಕೋಲ್ ಡಬ್ಬಿಯಲ್ಲಿ, ಕುಡಿಯುವ ನೀರಿನ ಮಡಕೆಯ ಪಕ್ಕ ಇವೆ. ದಾವಣಗೆರೆಯ ಈ ಸೆಕೆಗೆ ಅದೇ ತಣ್ಣನೆ ಜಾಗ. ಎಷ್ಟು ಬದುಕಿ ಬೆಳೆದಿವೆ ಅಂತ ನಾಡಿದ್ದು ಎಣಿಸುತ್ತೇನೆ, ತಂಗಿಯ ಮಗಳೂ ಬರುತ್ತಾಳೆ.